ಕಾಸ್ಟಿಕ್‌ಗೆ ಹಾಕಿದ ಮೇಲೆ ಕ್ಲಚ್ ಕವರ್ ಕಪ್ಪಾಗಿದೆ, ಏನು ಮಾಡುವುದು?

ಚಿಂತಾಮಣಿ_ಆರ್‌ಎಕ್ಸ್
1992ರ ಆರ್‌ಎಕ್ಸ್ 100 ಬೈಕ್ ರೆಡಿ ಮಾಡುತ್ತಿದ್ದೇನೆ. ಎಂಜಿನ್ ಕವರ್‌ಗಳ ಮೇಲಿನ ಹಳೇ ಲ್ಯಾಕರ್ (ಪಾರದರ್ಶಕ ಲೇಪ) ಹಳದಿಯಾಗಿ, ಅದರ ಅಡಿಯಲ್ಲಿ ಬಿಳಿ ಗೆರೆಗಳು ಬಿದ್ದಿದ್ದವು. ಕ್ಲಚ್ ಕವರನ್ನು ಇಲ್ಲೇ ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿ ತೆಗೆದರು. ಲ್ಯಾಕರ್ ಹೋಯಿತು, ಆದರೆ ಕವರ್ ದೋಸೆ ಹಂಚಿನ ತಳದ ಹಾಗೆ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗಲಿಲ್ಲ. ಹಾಳಾಯಿತಾ? ಮ್ಯಾಗ್ನೆಟೋ ಕವರ್ ಇನ್ನೂ ಮುಟ್ಟಿಲ್ಲ.

ತುಮಕೂರು_ಟೂಸ್ಟ್ರೋಕ್
ಅಣ್ಣಾ, ಬಿಳಿ ಬಟ್ಟೆಯಲ್ಲಿ ಗಟ್ಟಿಯಾಗಿ ಒರೆಸಿ ನೋಡಿ. ಬಟ್ಟೆಗೆ ಮಸಿ ಹತ್ತಿದರೆ ಭಯ ಬೇಡ.

ಈ ಕವರ್ ಬರೀ ಅಲ್ಯೂಮಿನಿಯಂ ಅಲ್ಲ. ಎರಕ ಚೆನ್ನಾಗಿ ಹರಿಯಲಿ ಅಂತ ಸಿಲಿಕಾನ್ ಬೆರೆಸಿರುತ್ತಾರೆ, ಸ್ವಲ್ಪ ತಾಮ್ರವೂ ಇರಬಹುದು. ಕಾಸ್ಟಿಕ್ ಅಲ್ಯೂಮಿನಿಯಂ ತಿಂದು ಇವನ್ನು ಮೇಲೆ ಉಳಿಸುತ್ತದೆ. ಆ ಪುಡಿಯೇ ನಿಮಗೆ ಕಾಣುತ್ತಿರುವ ಕಪ್ಪು. ಹುಣಸೆ ಹುಳಿಗೆ ಸಿಲಿಕಾನ್ ಜಗ್ಗುವುದಿಲ್ಲ. ನೈಟ್ರಿಕ್ ಆಸಿಡ್‌ಗೂ ತಾಮ್ರ ಕರಗುತ್ತದೆಯೇ ಹೊರತು ಸಿಲಿಕಾನ್ ಕರಗುವುದಿಲ್ಲ. ಅದಕ್ಕೇ ಕೆಲವು ಕಡೆ ಹೈಡ್ರೋಫ್ಲೋರಿಕ್ ಆಸಿಡ್ ಬೆರೆಸುತ್ತಾರೆ. ಮನೆಯಲ್ಲಿ ಅದರ ಸಹವಾಸವೇ ಬೇಡ, ಚರ್ಮದೊಳಗೆ ಇಳಿದು ಮೂಳೆವರೆಗೂ ಹೋಗುತ್ತದೆ.

ಕೈಯಲ್ಲೇ ತೆಗೆಯಬಹುದು. ಹಳೇ ಆಯಿಲ್ ಸೀಲ್ ಕಿತ್ತು, ಸ್ಕ್ರೂ ತೂತುಗಳಿಗೆಲ್ಲ ನೀರು ಬಿಟ್ಟು ತೊಳೆಯಿರಿ. ಮೂಲೆಯಲ್ಲಿ ಕಾಸ್ಟಿಕ್ ಉಳಿದರೆ ಇನ್ನೂ ತಿನ್ನುತ್ತದೆ. ಆಮೇಲೆ ನೀರು ಬೆರೆಸಿದ ವಿನೆಗರ್ ಹಾಕಿ, ಮತ್ತೆ ನೀರಿನಲ್ಲಿ ತೊಳೆಯಿರಿ. ನಂತರ ಸ್ಕಾಚ್‌ಬ್ರೈಟ್, 400ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪು ಕಾಗದ, ನಂಬರ್ ಹೆಚ್ಚಿದಷ್ಟೂ ನಯ), 600, 800, 1000. ಗುಳಿ ಬಿದ್ದಿದ್ದರೆ 220ರಿಂದ ಶುರು ಮಾಡಿ. ಹಿಂದಿನ ಪೇಪರಿನ ಗೆರೆ ಪೂರ್ತಿ ಹೋಗದೆ ಮುಂದಿನದನ್ನು ಹಿಡಿಯಬೇಡಿ, ಬಫ್ ಹೊಡೆದ (ತಿರುಗುವ ಬಟ್ಟೆ ಚಕ್ರದಲ್ಲಿ ಹೊಳಪು ತಂದ) ಮೇಲೆ ಆ ಗೆರೆಯೇ ಎದ್ದು ಕಾಣುತ್ತದೆ. ಗ್ಯಾಸ್ಕೆಟ್ ಕೂರುವ ಕಡೆ ಮಾತ್ರ ಪೇಪರ್ ತಾಗಿಸಬೇಡಿ, ಆಯಿಲ್ ಸೋರುತ್ತದೆ.

ಮ್ಯಾಗ್ನೆಟೋ ಕವರ್‌ಗೆ ಪೇಂಟ್ ರಿಮೂವರ್ ಸಾಕು. ದಪ್ಪಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬೇಗ ಒಣಗುವುದಿಲ್ಲ. ಲ್ಯಾಕರ್ ಸುಕ್ಕುಗಟ್ಟಿ ಎದ್ದಾಗ ಪ್ಲಾಸ್ಟಿಕ್ ತುಂಡಿನಲ್ಲಿ ಕೆರೆಯಿರಿ. ಗ್ಲೌಸ್ ಬೇಕೇ ಬೇಕು. ಕೋಣೆ ಬಾಗಿಲು ಹಾಕಿಕೊಂಡು ಮಾಡಬೇಡಿ.

ಕೋಲಾರ_ಗ್ಯಾರೇಜ್
ಮೇಲಿನವರು ಹೇಳಿದ್ದು ಸರಿ. ಸ್ಟೀಲ್ ವೈರ್ ಬ್ರಷ್ ಬೇಡ, ಕಬ್ಬಿಣದ ಚೂರು ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಇನ್ನೊಂದು, ನಮ್ಮ ಕಡೆ ಬೋರ್ ನೀರು ಗಡಸು ಅಲ್ವಾ? ತೊಳೆದು ಬಿಸಿಲಿಗಿಟ್ಟರೆ ಬಿಳಿ ಕಲೆ ಕೂರುತ್ತದೆ. ಕೂಡಲೇ ಒರೆಸಿಬಿಡಿ.

ಚಿಂತಾಮಣಿ_ಆರ್‌ಎಕ್ಸ್
ಬಟ್ಟೆಗೆ ಚೆನ್ನಾಗಿಯೇ ಮಸಿ ಹತ್ತಿತು! ಪಾಲಿಶ್ ಆದ ಮೇಲೆ ಮತ್ತೆ ಲ್ಯಾಕರ್ ಹೊಡೆಯಬೇಕಾ?

ತುಮಕೂರು_ಟೂಸ್ಟ್ರೋಕ್
ನಾನಾದರೆ ಹೊಡೆಯುವುದಿಲ್ಲ. ಕಲ್ಲು ಬಡಿದು ಒಂದು ಚೂರು ಎದ್ದರೆ ಸಾಕು, ತೇವ ಒಳಗೆ ನುಗ್ಗುತ್ತದೆ. ವ್ಯಾಕ್ಸ್ ಹಚ್ಚಿ, ಮಂಕಾದಾಗ ಮೆಟಲ್ ಪಾಲಿಶ್ ಹಾಕಿ ಉಜ್ಜಿಕೊಳ್ಳಿ. ಪೇಂಟೇ ಬೇಕು ಅಂದರೆ ಸುಮ್ನೆ ಬಫ್‌ಗೆ ದುಡ್ಡು ಹಾಕಬೇಡಿ. 400ಕ್ಕೆ ನಿಲ್ಲಿಸಿ, ಎಣ್ಣೆ ಜಿಡ್ಡು ತೆಗೆದು, ಎಚಿಂಗ್ ಪ್ರೈಮರ್ (ಲೋಹವನ್ನು ಕಚ್ಚಿ ಹಿಡಿಯುವ ಅಡಿ ಪೇಂಟ್) ಹೊಡೆಯಿರಿ. ಕನ್ನಡಿ ಪಾಲಿಶ್ ಮೇಲೆ ಪೇಂಟ್ ಹಿಡಿಯುವುದಿಲ್ಲ.