ತುಮಕೂರು ಸಿ ಗುಂಪಿನ ಪ್ರಶ್ನೋತ್ತರ: ಕನ್ನಡ ಸಾಲನ್ನು ತುಂಡು ಮಾಡುವುದು ಹೇಗೆ?

ಮುಳಬಾಗಿಲು: ನಮಸ್ತೆ ಮೇಡಂ. ಕೋಲಾರ ಮಾರುಕಟ್ಟೆಯ ಟೊಮೆಟೊ ಲೆಕ್ಕಕ್ಕೆ ಸಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಬೆಳೆ, ಊರು, ಬಾಕ್ಸ್ ತೂಕ ಇರುವ ಸಾಲು ಹೀಗಿದೆ: ಟೊಮೆಟೊ।ಕೋಲಾರ।15. ಮಧ್ಯೆ ಇರುವುದು ದಂಡ. ಸಾಲು ತುಂಡು ಮಾಡುವ ಫಂಕ್ಷನ್ ಸ್ಟ್ರ್‌ಟಾಕ್‌ನಿಂದ ಕತ್ತರಿಸಿದರೆ ಬರೀ ಚೌಕಗಳು ಬರುತ್ತವೆ. 15 ಒಂದೇ ಸರಿಯಾಗಿ ಬಂತು. ಫಾಂಟ್ ತೊಂದರೆನಾ?

ಉತ್ತರ: ಫಾಂಟ್ ಅಲ್ಲ. 15 ಉಳಿಯಿತು ಅಂತ ಹೇಳಿದ್ದು ಒಳ್ಳೆಯದಾಯಿತು, ಕಾರಣ ಅಲ್ಲೇ ಇದೆ. ಸ್ಟ್ರ್‌ಟಾಕ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ಯೂನಿಕೋಡ್ ಅಕ್ಷರವನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ದಂಡ ಅಂದರೆ ಮೂರು ಬೈಟ್: 224, 165, 164. ನೀವು ಕೊಟ್ಟಿದ್ದು ಒಂದು ಗುರುತು, ಅದು ಮೂರು ಬೇರೆ ಬೇರೆ ಗುರುತು ಅಂದುಕೊಂಡಿತು. ಈಗ 'ಕ' ನೋಡಿ: 224, 178, 149. ಕನ್ನಡದ ಎಲ್ಲಾ ಅಕ್ಷರ, ಕಾಗುಣಿತದ ಗುರುತು ಕೂಡ, 224ರಿಂದಲೇ ಶುರು. ಹಾಗಾಗಿ ಒಂದೊಂದರ ತಲೆಯೂ ಹಾರಿತು. 'ತ' ಇದ್ದಿದ್ದರೆ ಬಾಲವೂ ಹೋಗುತ್ತಿತ್ತು, ಅದರ ಕೊನೆಯ ಬೈಟ್ 164. 15ರ ಅಂಕಿಗಳು ಒಂದೊಂದೇ ಬೈಟ್, ಅದಕ್ಕೇ ಉಳಿದುಕೊಂಡವು.

ವೈಡ್ ಅಕ್ಷರಕ್ಕೆ ಬನ್ನಿ, ಅಲ್ಲಿ ಒಂದೊಂದು ಗುರುತಿಗೂ ಒಂದೇ ಸಂಖ್ಯೆ. ಮೊದಲು ಸೆಟ್‌ಲೊಕೇಲ್ ಕರೆಯಿರಿ, ಯಾವ ಭಾಷೆ, ಯಾವ ಎನ್‌ಕೋಡಿಂಗ್ ಅಂತ ಪ್ರೋಗ್ರಾಂಗೆ ಹೇಳುವುದು ಅದೇ. ಸಾಲನ್ನು ಡಬ್ಲ್ಯೂಚಾರ್ (ವೈಡ್ ಅಕ್ಷರದ) ಅರೇಗೆ ಓದಿ. ಆಮೇಲೆ ಸ್ಟ್ರ್‌ಟಾಕ್‌ನ ವೈಡ್ ರೂಪ ಡಬ್ಲ್ಯೂಸಿಎಸ್‌ಟಾಕ್, ಅದಕ್ಕೆ ಮೂರು ಕೊಡಬೇಕು. ಮೊದಲನೆಯದು, ಮೊದಲ ಸಲ ಸಾಲು, ಮುಂದಿನ ಸಲದಿಂದ ನಲ್ (ಏನೂ ಇಲ್ಲ ಅಂತ). ಎರಡನೆಯದು ದಂಡ. ಮೂರನೆಯದು ಒಂದು ಪಾಯಿಂಟರ್‌ನ (ಮೆಮೊರಿಯ ಜಾಗ ತೋರಿಸುವ ವೇರಿಯೆಬಲ್‌ನ) ವಿಳಾಸ, ಎಲ್ಲಿಗೆ ನಿಲ್ಲಿಸಿದೆ ಅಂತ ಅದರಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈಗ ದಂಡ ಅಂದರೆ 2404 ಅನ್ನೋ ಒಂದೇ ಸಂಖ್ಯೆ. ಬೇರೆ ಅಕ್ಷರಕ್ಕೆ ತಾಗುವುದಿಲ್ಲ.

ಗೌರಿಬಿದನೂರು: ಮೇಡಂ, ನನ್ನದು ಓಡಿಸಿದ ತಕ್ಷಣ ಸೆಗ್ಮೆಂಟೇಶನ್ ಫಾಲ್ಟ್ ಅಂತ ಕ್ರ್ಯಾಶ್ ಆಗುತ್ತದೆ. ಸಾಲನ್ನು ಕೋಟ್‌ನಲ್ಲೇ ಬರೆದು ಪಾಯಿಂಟರ್‌ಗೆ ಕೊಟ್ಟಿದ್ದೇನೆ.

ಉತ್ತರ: ಪಾಯಿಂಟರ್ ಬೇಡ, ಅರೇ ಮಾಡಿ. ಈ ಫಂಕ್ಷನ್ ದಂಡದ ಜಾಗದಲ್ಲಿ ಸೊನ್ನೆ ಬರೆಯುತ್ತದೆ. ಕೋಟ್‌ನಲ್ಲಿರುವ ಸಾಲಿನ ಮೇಲೆ ಬರೆಯುವಂತಿಲ್ಲ.

ತಿಪಟೂರು: ಕಾಲೇಜು ವಾಟ್ಸಾಪ್‌ನಲ್ಲಿ ಬಂದಿದ್ದು: "ಕಂಪೈಲರ್ ವಾರ್ನಿಂಗ್ ಕೊಟ್ಟರೆ ಡಬ್ಲ್ಯೂಚಾರ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ, ಎಲ್ಲಾ ಸರಿಹೋಗುತ್ತದೆ. ಎಲ್ಲರಿಗೂ ಕಳಿಸಿ." ಹಾಕಲಾ ಮೇಡಂ?

ಉತ್ತರ: ಬೇಡವೇ ಬೇಡ. ಕಾಸ್ಟ್ ಅಂದರೆ ಬೈಟ್ ಸಾಲನ್ನೇ ವೈಡ್ ಅಂದುಕೊ ಅಂತ ಕಂಪೈಲರ್‌ಗೆ ಹೇಳುವುದಷ್ಟೆ. ವಾರ್ನಿಂಗ್ ನಿಲ್ಲುತ್ತದೆ, ತಪ್ಪು ಹಾಗೇ ಇರುತ್ತದೆ. ಲಿನಕ್ಸ್‌ನಲ್ಲಿ ವೈಡ್ ಅಕ್ಷರ 4 ಬೈಟ್. ನಿಮ್ಮ ನಾಲ್ಕು ಬೈಟ್ ಸೇರಿಸಿ ಒಂದು ಅಕ್ಷರ ಅಂತ ಓದುತ್ತದೆ. ಕೊನೆಯ ಸೊನ್ನೆ ಸಿಗದೆ ಅರೇ ದಾಟಿ ಹೋಗಬಹುದು, ಅಲ್ಲಿರುವ ಡೇಟಾ ಮೇಲೂ ಬರೆಯಬಹುದು. ಇಂಥವನ್ನು ಓಡಿಸಿ ನೋಡದೆ ಯಾಕೆ ಹಂಚುತ್ತೀರಿ? ಬೈಟ್ ಸಾಲನ್ನು ವೈಡ್ ಸಾಲಾಗಿ ಬದಲಾಯಿಸಲೇಬೇಕಾದರೆ ಎಂಬಿಎಸ್‌ಟುಡಬ್ಲ್ಯೂಸಿಎಸ್ ಇದೆ.

ಶಿರಾ: ಆ ಮೂರನೆಯದು ಯಾಕೆ? ನಮ್ಮ ಲ್ಯಾಬ್‌ನಲ್ಲಿ ಎರಡೇ ಕೊಡುತ್ತೇವೆ, ಓಡುತ್ತದೆ.

ಮಾಲೂರು: ಅದು ಮೈಕ್ರೋಸಾಫ್ಟ್‌ನ ಹಳೇ ಕಂಪೈಲರ್ ಇರಬೇಕು. ಸಿ ಸ್ಟ್ಯಾಂಡರ್ಡ್‌ನಲ್ಲಿ ಮೂರು. ವಿಷುಯಲ್ ಸ್ಟುಡಿಯೋ 2015ರಿಂದ ಅವರೂ ಮೂರಕ್ಕೆ ಬಂದರು.

ಶಿರಾ: ಓಡುತ್ತದೆ ಅಂದೆನಲ್ಲ.

ಬಾಗೇಪಲ್ಲಿ: ಇಷ್ಟೆಲ್ಲಾ ಯಾಕೆ? ಪೈಥಾನ್‌ನಲ್ಲಿ ಒಂದೇ ಸಾಲು.

ಮಾಲೂರು: ಇದು ಸಿ ಗುಂಪು ಸ್ವಾಮಿ. ನೀವು ಓಡಿಸುವ ಪೈಥಾನ್ ಬರೆದಿರುವುದೂ ಸಿಯಲ್ಲೇ.

ಬಾಗೇಪಲ್ಲಿ: ಸ್ವಾಮಿ ಗೀಮಿ ಬೇಡ. ಮರ್ಯಾದೆಯಿಂದ ಮಾತಾಡಿ.

ಮಾಲೂರು: ನಾನೇನು ಬೈದೆನಾ?

ಚಿಂತಾಮಣಿ: ಮೇಡಂ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳಿವೆ, ಯೂನಿಕೋಡ್ ಅಲ್ಲ. ಅವನ್ನೂ ಹೀಗೇ ಕತ್ತರಿಸಬಹುದಾ?

ಗುಬ್ಬಿ: ನನಗೂ ಸೆಗ್ಮೆಂಟೇಶನ್ ಫಾಲ್ಟ್. ಕೋಟ್‌ನಲ್ಲೇ ಬರೆದಿದ್ದೇನೆ.

ಉತ್ತರ: ಗುಬ್ಬಿಯವರೇ, ಮೇಲೆ ಓದಿ. ಮಾಲೂರು, ಬಾಗೇಪಲ್ಲಿ, ಇಬ್ಬರೂ ಸಾಕು ಮಾಡಿ.

ಮುಳಬಾಗಿಲು: ಮೇಡಂ, ಕನ್ನಡ ಬಂತು! ಆದರೆ ಊರು ಖಾಲಿ ಬಿಟ್ಟಿರುವ ಸಾಲಿನಲ್ಲಿ ಬಾಕ್ಸ್ ತೂಕ 15 ಊರಿನ ಜಾಗಕ್ಕೆ ಬಂದು ಕೂತಿದೆ.

ಉತ್ತರ: ಎಲ್ಲಕ್ಕಿಂತ ಇದೇ ನನಗೆ ಜಾಸ್ತಿ ಭಯ. ಕ್ರ್ಯಾಶ್ ಆದರೆ ಗೊತ್ತಾಗುತ್ತದೆ. ಇದು ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುತ್ತದೆ, ಅದೂ ರೈತರ ದುಡ್ಡಿನ ಲೆಕ್ಕ. ಎರಡು ದಂಡ ಪಕ್ಕಪಕ್ಕ ಬಂದರೆ ಡಬ್ಲ್ಯೂಸಿಎಸ್‌ಟಾಕ್ ಒಂದೇ ಅಂತ ಹಿಡಿಯುತ್ತದೆ. ಖಾಲಿ ಜಾಗ ಬರುವ ಫೈಲ್‌ಗೆ ಅದನ್ನು ಬಿಡಿ. ಡಬ್ಲ್ಯೂಸಿಎಸ್‌ಸಿಎಚ್‌ಆರ್‌ನಿಂದ ಮುಂದಿನ ದಂಡ ಹುಡುಕಿ, ಅಲ್ಲಿ ಸೊನ್ನೆ ಹಾಕಿ, ಅದರ ಮುಂದಿನ ಜಾಗದಿಂದ ಮತ್ತೆ ಹುಡುಕಿ. ಮೂರು ತುಂಡು ಬಂದವಾ ಅಂತ ಪ್ರತಿ ಸಾಲಿಗೂ ಎಣಿಸಿ. ಬರದಿದ್ದರೆ ಆ ಸಾಲನ್ನು ಲೆಕ್ಕಕ್ಕೆ ಸೇರಿಸಬೇಡಿ, ಪಕ್ಕಕ್ಕಿಟ್ಟು ಕಣ್ಣಲ್ಲಿ ನೋಡಿ.

ಶಿರಾ: ನನಗೆ ಮೇಡಂ ಉತ್ತರ ಕೊಡಲೇ ಇಲ್ಲ.

ಉತ್ತರ: ಮಾಲೂರಿನವರು ಹೇಳಿದ್ದು ಸರಿ. ಮೂರು.

ಚಿಂತಾಮಣಿ: ನುಡಿ ಫೈಲ್ ಮೇಡಂ?