ಅಮ್ಮ 3 ವರ್ಷದಿಂದ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದಾರೆ, ನಿಲ್ಲಿಸಬಹುದಾ?

ತಿಪಟೂರು_ಮಗಳು:
ಅಮ್ಮನಿಗೆ 62 ವರ್ಷ. 3 ವರ್ಷದ ಹಿಂದೆ ಮಂಡಿ ನೋವಿಗೆ ಮೂಳೆ ಡಾಕ್ಟರ್ ನೋವಿನ ಮಾತ್ರೆ ಕೊಟ್ಟು, ಜೊತೆಗೆ ಹೊಟ್ಟೆ ಉರಿಯದಿರಲಿ ಅಂತ ಪ್ಯಾಂಟೊಪ್ರಜೋಲ್ 40 ಬರೆದಿದ್ದರು. 15 ದಿನಕ್ಕೆ ಮಾತ್ರ. ನೋವಿನ ಮಾತ್ರೆ ಆಗಲೇ ನಿಂತಿತು, ಇದು ಮಾತ್ರ ನಿಲ್ಲಲೇ ಇಲ್ಲ. ಹಳೇ ಚೀಟಿ ಕೂಡ ಕೇಳದೆ ಅಂಗಡಿಯಲ್ಲಿ ಸ್ಟ್ರಿಪ್ ಕೊಡುತ್ತಾರೆ. ಥೈರಾಯ್ಡ್ ಮಾತ್ರೆಯೂ ಇದೆ. ಈಚೆಗೆ ಪಾದ ಜುಮ್ಮೆನ್ನುತ್ತದೆ ಅನ್ನುತ್ತಾರೆ. ಕಳೆದ ವಾರ ನಾನೇ ಹಠ ಮಾಡಿ ನಿಲ್ಲಿಸಿದೆ, ಮೂರನೇ ದಿನಕ್ಕೆ ಎದೆಯುರಿ ಮೊದಲಿಗಿಂತ ಜಾಸ್ತಿ ಆಗಿ ರಾತ್ರಿಯಿಡೀ ಎದ್ದು ಕೂತಿದ್ದರು. ನಂಗೆ ಭಯ ಆಯ್ತು. ಹಾಗಾದರೆ ಜೀವನಪೂರ್ತಿ ಇದನ್ನೇ ತಗೋಬೇಕಾ?

ಔಷಧಿ_ಅಂಗಡಿ:
ನಾನು ಫಾರ್ಮಸಿಸ್ಟ್. ಮೊದಲು ಆ ಮೂರನೇ ದಿನದ ಉರಿ ಬಗ್ಗೆ ಹೇಳುತ್ತೇನೆ. ಈ ಮಾತ್ರೆ ಹೊಟ್ಟೆಯಲ್ಲಿ ಆಮ್ಲ ಸುರಿಸುವ ಪಂಪ್‌ಗಳನ್ನೇ ಮುಚ್ಚುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟು ಒಮ್ಮೆಲೇ ಬಿಟ್ಟರೆ ಹೊಟ್ಟೆ ಕೆಲವು ವಾರ ಮೊದಲಿಗಿಂತ ಜಾಸ್ತಿ ಆಮ್ಲ ಸುರಿಸಬಹುದು. ಹಾಗಾಗಿ ಉರಿ ಬಂತು ಅಂದ ಮಾತ್ರಕ್ಕೆ ಕಾಯಿಲೆ ಹಾಗೇ ಇದೆ ಅಂತಲ್ಲ. ಡಾಕ್ಟರ್ ಸಾಮಾನ್ಯವಾಗಿ 40 ಇದ್ದದ್ದನ್ನು 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿ, ನಿಧಾನವಾಗಿ ಬಿಡಿಸುತ್ತಾರೆ. ನಡುವೆ ಉರಿ ಬಂದರೆ ಆಂಟಾಸಿಡ್ ಸಿರಪ್ ಸಾಕಾಗಬಹುದು, ಆದರೆ ಅದಕ್ಕೂ ಥೈರಾಯ್ಡ್ ಮಾತ್ರೆಗೂ 4 ಗಂಟೆ ಅಂತರ ಇರಲಿ.

ಅಮ್ಮ ಯಾವಾಗ ನುಂಗುತ್ತಾರೆ? ಎಷ್ಟೋ ಜನ ತಿಂಡಿ ತಿಂದಾದ ಮೇಲೆ ನುಂಗಿ, ಕೆಲಸವೇ ಮಾಡಲ್ಲ ಅನ್ನುತ್ತಾರೆ. ಊಟ ಬಿದ್ದಾಗಲೇ ಪಂಪ್‌ಗಳು ಶುರುವಾಗುವುದು, ಅಷ್ಟರಲ್ಲಿ ಮಾತ್ರೆ ರಕ್ತದಲ್ಲಿರಬೇಕು. ಅದಕ್ಕೇ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಪುಡಿ ಮಾಡಬಾರದು, ಜಗಿಯಬಾರದು, ಮೇಲಿನ ಲೇಪ ಒಡೆದರೆ ಹೊಟ್ಟೆಯ ಆಮ್ಲವೇ ಔಷಧಿಯನ್ನು ಹಾಳು ಮಾಡುತ್ತದೆ.

ಪಾದದ ಜುಮ್ಮು ಬಿಡಬೇಡಿ. ಬಿ12 ಪರೀಕ್ಷೆ ಮಾಡಿಸಿ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು, ವರ್ಷಗಟ್ಟಲೆ ಈ ಮಾತ್ರೆ ತಗೊಂಡರೆ ಅದು ಕಡಿಮೆ ಆಗಬಹುದು. ಸಸ್ಯಾಹಾರಿ ಆಗಿದ್ದರೆ, ಸಕ್ಕರೆಗೆ ಮೆಟ್‌ಫಾರ್ಮಿನ್ ಕೂಡ ಇದ್ದರೆ ಇನ್ನೂ ಹೆಚ್ಚು. ಮೆಗ್ನೀಸಿಯಂ, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಕೂಡ ನೋಡಿಸಿ. ಆಮ್ಲ ಕಡಿಮೆ ಇದ್ದಾಗ ಥೈರಾಯ್ಡ್ ಮಾತ್ರೆ ಕೆಲವರ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹಾಸನ_73:
ಒಂದು ಮಾತು, ಇದನ್ನು ಓದಿ ಯಾರೂ ತಮ್ಮಷ್ಟಕ್ಕೆ ನಿಲ್ಲಿಸಬೇಡಿ ದಯವಿಟ್ಟು. ನನಗೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ಇವೆ. ನನ್ನಂಥವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಂತೆ ಈ ಮಾತ್ರೆ ಕಾಯುತ್ತದೆ. ನಮ್ಮ ಕಡೆ ಒಬ್ಬರು ಕಿಡ್ನಿಗೆ ಕೆಟ್ಟದ್ದು ಅಂತ ಯಾವುದೋ ವಿಡಿಯೊ ನೋಡಿ ಬಿಟ್ಟರು, ಆಮೇಲೆ ಮಲ ಟಾರಿನಂತೆ ಕಪ್ಪಗೆ ಹೋಗಿ ಆಸ್ಪತ್ರೆ ಸೇರಿದರು. ಇನ್ನೊಂದು, ಕ್ಲೊಪಿಡೊಗ್ರೆಲ್ ಇದ್ದರೆ ಇದೇ ಜಾತಿಯ ಒಮೆಪ್ರಜೋಲ್ ಬೇಡ ಅನ್ನುತ್ತಾರೆ, ಅದು ಕ್ಲೊಪಿಡೊಗ್ರೆಲ್ ಬಲ ಕುಗ್ಗಿಸುತ್ತದೆ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಸುಮ್ನೆ ತಗೋಬೇಡಿ, ಕೇಳಿ.

ಮತ್ತೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗಬೇಡಿ, ಅದು ಹೃದಯಾಘಾತ ಇರಬಹುದು. ನಾನು ಹಾಗೇ ಮಾಡಿ 5 ಗಂಟೆ ಕಳೆದಿದ್ದೆ.

ಮುದ್ದೆ_ಸಾರು:
ನಾನು ಈ ಮಾತ್ರೆಯನ್ನು 2 ತಿಂಗಳಲ್ಲಿ ನಿಧಾನವಾಗಿ ಬಿಟ್ಟೆ, ಡಾಕ್ಟರ್ ಹೇಳಿದ ಹಾಗೆ. ರಾತ್ರಿ ಊಟ 7:30ಕ್ಕೆ ತಂದೆ, ಊಟಕ್ಕೂ ಮಲಗುವುದಕ್ಕೂ 3 ಗಂಟೆ, ಮಂಚದ ತಲೆಕಡೆ ಕಾಲುಗಳಿಗೆ ಇಟ್ಟಿಗೆ. ಬರೀ ದಿಂಬು ಏರಿಸಿದರೆ ಕುತ್ತಿಗೆ ನೋವು ಬರುತ್ತದೆ ಅಷ್ಟೆ. ಸ್ಟ್ರಿಪ್ ಮೇಲೆ ಡಿ ಅಂತ ಇದೆಯಾ ಅಂತಲೂ ನೋಡಿ. ಪ್ಯಾನ್ ಡಿ ಅಂದರೆ ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ ಇರುತ್ತದೆ, ಅದು ಹೃದಯದ ಬಡಿತ ಏರುಪೇರು ಮಾಡಬಹುದು, ವಯಸ್ಸಾದವರು ವರ್ಷಗಟ್ಟಲೆ ತಗೊಳ್ಳುವಂಥದ್ದಲ್ಲ.

ತಿಪಟೂರು_ಮಗಳು:
ಈಗ ಅಮ್ಮನಿಗೆ ಫೋನ್ ಮಾಡಿದೆ. ತಿಂಡಿ ಆದ ಮೇಲೇ ನುಂಗುತ್ತಿದ್ದಾರಂತೆ, 3 ವರ್ಷದಿಂದ! ಸ್ಟ್ರಿಪ್ ಫೋಟೊ ಕಳಿಸಿದರು, ಡಿ ಇಲ್ಲ. ಸೋಮವಾರ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅಲ್ಲಿವರೆಗೆ ತಿಂಡಿಗೆ ಮುಂಚೆ ಕೊಡುತ್ತೇನೆ. ಬಿ12 ಪರೀಕ್ಷೆಗೆ ನಾಳೆಯೇ ರಕ್ತ ಕೊಡಿಸುತ್ತೇನೆ.