ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ರೂಲ್ಸ್: ನೀವು ಹೇಗೆ ಕಲಿಸುತ್ತೀರಿ?

ಪ್ರಶ್ನೆ: ಕನ್ನಡ ಮಾಧ್ಯಮದ ಶಾಲೆ. ಎರಡು, ಮೂರನೇ ಕ್ಲಾಸಿಗೆ ಇಂಗ್ಲಿಷ್ ಹೊಸದಾಗಿ ತೆಗೆದುಕೊಂಡಿದ್ದೇನೆ. ಡಿಕ್ಟೇಶನ್ ಕೊಟ್ಟರೆ ‘ಕಪ್’ಗೆ ಸಿ-ಎ-ಪಿ, ‘ಸನ್’ಗೆ ಎಸ್-ಎ-ಎನ್ ಬರೆಯುತ್ತಾರೆ. ರೂಲ್ಸ್ ಹೇಳಿಕೊಡಬೇಕಾ, ಸುಮ್ನೆ ಬಾಯಿಪಾಠ ಮಾಡಿಸಬೇಕಾ? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ಮೇಡಂ, ‘ಕಪ್’ ತಪ್ಪಾಗುವುದಕ್ಕೆ ಕಾರಣ ನಾವೇ. ಮಗು ಇಂಗ್ಲಿಷಿನಲ್ಲಿ ಮೊದಲು ಬರೆಯೋದು ತನ್ನ ಹೆಸರು. ಕಮಲ, ರಮ್ಯ, ಭರತ ಅಂತ ಬರೆಸುವಾಗ ‘ಅ’ ಬಂದಲ್ಲೆಲ್ಲ ‘ಎ’ ಹಾಕಿಸುತ್ತೇವೆ. ಆಮೇಲೆ ‘ಕಪ್’ನಲ್ಲಿ ಅದೇ ‘ಅ’ ಕೇಳಿಸಿದಾಗ ‘ಯು’ ಹಾಕಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ನಾನು ರೂಲ್ ಹೇಳುವ ಮೊದಲು ಜೋಡಿ ಪದ ಕೇಳಿಸುತ್ತೇನೆ. ಕ್ಯಾಪ್–ಕಪ್, ಹ್ಯಾಟ್–ಹಟ್, ಬ್ಯಾಗ್–ಬಗ್. ಬೋರ್ಡಿನ ಎಡಕ್ಕೆ ‘ಎ’, ಬಲಕ್ಕೆ ‘ಯು’. ನಾನು ಪದ ಹೇಳಿದಾಗ ಮಕ್ಕಳು ಸರಿಯಾದ ಕಡೆ ಕೈ ತೋರಿಸಬೇಕು. ಒಂದು ವಾರ ಬರೆಸುವುದೇ ಇಲ್ಲ.

ಮನೆಯಲ್ಲಿ ನಾವು ಬಸ್ಸು, ಪೆನ್ನು, ಬೆಲ್ಲು ಅನ್ನುತ್ತೇವೆ ಅಲ್ವಾ? ಆ ಒತ್ತು ಕೇಳಿಸಿಕೊಂಡೇ ಮಕ್ಕಳು ‘ಪೆನ್’ಗೂ ಎರಡು ‘ಎನ್’ ಹಾಕುತ್ತಾರೆ. ಬೈಯಬೇಡಿ, ಅವರ ಕಿವಿ ಸರಿಯಾಗಿಯೇ ಇದೆ. ಚಿಕ್ಕ ಪದದ ಕೊನೆಯಲ್ಲಿ ಜೋಡಿಯಾಗಿ ಬರುವುದು ಹೆಚ್ಚಾಗಿ ಎಫ್, ಎಲ್, ಎಸ್ ಅಂತ ಹೇಳಿ: ಆಫ್, ಬೆಲ್, ಮಿಸ್. ಬಸ್, ಗ್ಯಾಸ್, ಯೆಸ್ ಈ ರೂಲಿಗೆ ಬಗ್ಗುವುದಿಲ್ಲ. ಅವನ್ನು ಗೋಡೆಯ ಮೇಲೆ ಬೇರೆಯೇ ಬರೆದು ಅಂಟಿಸಿದ್ದೇನೆ.

ಉತ್ತರ 2: ನಾನು ಟೀಚರ್ ಅಲ್ಲ, ಎರಡನೇ ಕ್ಲಾಸಿನ ಹುಡುಗನ ತಾಯಿ. ಹಿಂದಿನ ಶಾಲೆಯಲ್ಲಿ ತಪ್ಪಾದ ಪದವನ್ನು ಹತ್ತು ಸಲ ಬರೆಸುತ್ತಿದ್ದರು. ಐದನೇ ಸಾಲಿಗೇ ಮತ್ತೆ ತಪ್ಪು ಶುರು, ಆಮೇಲೆ ಅಳು. ನೋಡೋಕೆ ಆಗುತ್ತಿರಲಿಲ್ಲ.

ಹಳೇ ಕ್ಯಾಲೆಂಡರ್ ಕತ್ತರಿಸಿ ಪಟ್ಟಿ ಮಾಡಿದೆ. ಕೆ-ಐ-ಟಿ-ಇ ಬರೆದು, ಕೊನೆಯ ‘ಇ’ಯನ್ನು ಹಿಂದಕ್ಕೆ ಮಡಚಿದೆ. ಮಡಚಿದರೆ ‘ಕಿಟ್’, ಬಿಡಿಸಿದರೆ ‘ಕೈಟ್’. ‘ಟಬ್’ ಹೀಗೇ ‘ಟ್ಯೂಬ್’ ಆಯಿತು. ‘ಇ’ ತಾನು ಬಾಯಿ ಬಿಡುವುದಿಲ್ಲ, ಮುಂಚಿನ ಸ್ವರಕ್ಕೆ ಅದರ ಹೆಸರನ್ನೇ ಹೇಳಿಸುತ್ತದೆ ಅಂದೆ. ಮಡಚಿ ಬಿಡಿಸಿ ಆ ಪಟ್ಟಿ ಹರಿದೇ ಹೋಯಿತು! ಆದರೆ ‘ಹ್ಯಾವ್’, ‘ಗಿವ್’ನಲ್ಲೂ ‘ಇ’ ಇದೆಯಲ್ಲಮ್ಮಾ, ಯಾಕೆ ಹಾಗೆ ಓದಲ್ಲ ಅಂತ ಕೇಳಿದ. ನನಗೆ ಉತ್ತರ ಬರಲಿಲ್ಲ. ಗೊತ್ತಿರುವವರು ಹೇಳಿ.

ಉತ್ತರ 3: ಅಕ್ಕ, ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ‘ವಿ’ ಅಕ್ಷರಕ್ಕೆ ಮುಗಿಯುವುದಿಲ್ಲ. ಹಾಗಾಗಿ ಹಿಂದೆ ಒಂದು ‘ಇ’ ಜೊತೆಗೆ ನಿಲ್ಲುತ್ತದೆ. ‘ಲವ್’ ಕೂಡ ಹಾಗೇ. ಮಗ ಒಳ್ಳೇ ಪ್ರಶ್ನೆ ಕೇಳಿದ್ದಾನೆ.

ಮೇಡಂ, ನಾನು ಹದಿನೈದು ದಿನಕ್ಕೆ ಒಂದೇ ರೂಲ್ ತೆಗೆದುಕೊಳ್ಳುತ್ತೇನೆ. ಜಾಸ್ತಿ ಕೊಟ್ಟರೆ ಎಲ್ಲ ಕಲಸಿಹೋಗುತ್ತದೆ. ‘ಸೆಡ್’, ‘ವಾಸ್’, ‘ಒನ್’ ತರಹದ ಪದಗಳಿಗೆ ಈ ವಯಸ್ಸಲ್ಲಿ ರೂಲ್ ಬೇಡ. ಪದ ನೋಡು, ಕೈಯಿಂದ ಮುಚ್ಚು, ಬರೆ, ಕೈ ತೆಗೆದು ತಾಳೆ ನೋಡು. ತಪ್ಪಾದ ಒಂದು ಅಕ್ಷರಕ್ಕೆ ಮಾತ್ರ ಮಗುವೇ ಸುತ್ತು ಹಾಕಲಿ, ಇಡೀ ಪದ ಹೊಡೆದು ಹಾಕಬೇಡಿ.